ಎಡಗೈ ಎತ್ತಿದರೆ ನಿಲ್ಲಿಸಬೇಕು

ಹಲ್ಲಿನ ಕ್ಲಿನಿಕ್ಕಿಗೆ ಹೋಗಿ ನಾನು ಮೂರು ಸಲ ವಾಪಸ್ ಓಡಿ ಬಂದಿದ್ದೇನೆ. ಮೊದಲ ಸಲ ಮೆಟ್ಟಿಲು ಹತ್ತಿ, ಬೋರ್ಡು ನೋಡಿ ಇಳಿದೆ. ಎರಡನೇ ಸಲ ಚಪ್ಪಲಿ ಬಿಟ್ಟು ಒಳಗೆ ಕೂತಿದ್ದೆ. ಒಳಕೋಣೆಯಿಂದ ಡ್ರಿಲ್ಲಿನ ಸದ್ದು ಬಂತು. ಮೊಬೈಲ್ ಕಿವಿಗೆ ಹಿಡಿದು, "ಹಲೋ, ಹಾಂ, ಬಂದೆ ಬಂದೆ" ಅಂತ ಯಾರೂ ಇಲ್ಲದ ಫೋನಿಗೆ ಹೇಳುತ್ತಾ ಎದ್ದು ಬಂದೆ. ಮೂರನೇ ಸಲ ಕುರ್ಚಿಯ ಮೇಲೆ ಮಲಗುವವರೆಗೂ ಹೋದೆ. ಡಾಕ್ಟರು ಪುಟ್ಟ ಕನ್ನಡಿ ಬಾಯೊಳಗೆ ಇಟ್ಟಿದ್ದೇ ತಡ, ಅವರ ಮಣಿಕಟ್ಟು ಹಿಡಿದುಬಿಟ್ಟೆ. ಬಿಡೋಣ ಅಂದುಕೊಂಡರೂ ಕೈ ಬಿಡುತ್ತಿಲ್ಲ. "ಮೇಡಂ, ಓದಿದೋರು ನೀವೇ ಹಿಂಗಾಡಿದ್ರೆ ಹೆಂಗೆ?" ಅಂದರು. ಅವರದ್ದೂ ತಪ್ಪಿಲ್ಲ. ಹೊರಗೆ ಏಳು ಜನ ಕಾಯುತ್ತಿದ್ದರು.

ನನಗೆ ನಲವತ್ತೈದು. ಹಾಸನದಲ್ಲಿ ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಗಂಧಕಾಮ್ಲದ ಬಾಟಲಿ ಹಿಡಿಯಲು ಕೈ ನಡುಗುವುದಿಲ್ಲ. ಎರಡು ಹೆರಿಗೆ ಆಗಿದೆ, ಅದರಲ್ಲಿ ಒಂದು ಸಿಸೇರಿಯನ್. ತೋಳಿಗೆ ಇಂಜೆಕ್ಷನ್ ಅಂದರೆ ಮಾತಾಡಿಕೊಂಡೇ ಚುಚ್ಚಿಸಿಕೊಳ್ಳುತ್ತೇನೆ. ಆದರೆ ಹಲ್ಲಿನ ಕುರ್ಚಿಯಲ್ಲಿ ಮಲಗಿಸಿ "ಬಾಯಿ ತೆಗೀರಿ" ಅಂದರೆ ಸಾಕು, ಒಂಬತ್ತು ವರ್ಷದವಳಾಗಿಬಿಡುತ್ತೇನೆ.

ಆಗ 1989. ಅರಕಲಗೂಡಿನಲ್ಲಿದ್ದೆವು. ಕೆಳಗಿನ ದವಡೆ ಹಲ್ಲು ಹುಳುಕಾಗಿ ಕೆನ್ನೆ ಬಾತುಕೊಂಡಿತ್ತು. ವಾರಕ್ಕೊಂದು ದಿನ ಬರುವ ಹಲ್ಲಿನ ಡಾಕ್ಟರ ಹತ್ತಿರ ಅಪ್ಪ ಕರೆದುಕೊಂಡು ಹೋದರು. ಇಂಜೆಕ್ಷನ್ ಕೊಟ್ಟರು, ಸ್ವಲ್ಪ ಹೊತ್ತು ಕೂರಿಸಿದರು, ಇಕ್ಕಳ ಹಾಕಿದರು. ಪ್ರಾಣ ಹೋದ ಹಾಗಾಯಿತು. ಕಿರುಚಿದೆ. "ಇಂಜೆಕ್ಷನ್ ಕೊಟ್ಟಿದೀನಿ, ನೋವಾಗೋಕೆ ಸಾಧ್ಯನೇ ಇಲ್ಲ. ನಾಟಕ ಮಾಡ್ತಾಳೆ" ಅಂದರು ಡಾಕ್ಟರು. ಕಾಂಪೌಂಡರ್ ಕಾಲು ಹಿಡಿದ. ಅಪ್ಪ ಎರಡೂ ಕೈ ಹಿಡಿದರು. "ಆಯ್ತು ಪುಟ್ಟಿ, ಆಯ್ತು ಆಯ್ತು" ಅನ್ನುತ್ತಲೇ ಇದ್ದರು, ಆಗಿರಲಿಲ್ಲ. ಆಮೇಲೆ ಐಸ್ ಕ್ಯಾಂಡಿ ಕೊಡಿಸಿದರು. ಮದುವೆ ಮುಂಜಿಗಳಲ್ಲಿ ನೆಂಟರು ಸೇರಿದಾಗಲೆಲ್ಲ "ನಮ್ಮ ಪುಟ್ಟಿ ಹಲ್ಲು ಕೀಳಿಸೋವಾಗ ಊರಿಗೆ ಊರೇ ಸೇರೋ ಹಾಗೆ ಕೂಗಿದ್ಲು" ಅನ್ನುವ ಕಥೆ ಬರುತ್ತಿತ್ತು. ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಹಾಗಾಗಿ ಮೂವತ್ತಾರು ವರ್ಷ ನಾನು ಹಲ್ಲನ್ನು ಹಲ್ಲಿನ ಡಾಕ್ಟರಿಗೆ ತೋರಿಸದೆ ಸಂಭಾಳಿಸಿದೆ. ಲವಂಗದ ಎಣ್ಣೆ, ಉಪ್ಪುನೀರು, ನೋವಿನ ಮಾತ್ರೆ, ಅದರಿಂದಾಗುವ ಹೊಟ್ಟೆಯುರಿಗೆ ಇನ್ನೊಂದು ಮಾತ್ರೆ. ಒಂದೇ ಕಡೆ ಅಗಿಯುವುದು. ಚಕ್ಕುಲಿ ಕೊಟ್ಟರೆ ಕಾಫಿಯಲ್ಲಿ ಅದ್ದುವುದು. ಗ್ರೂಪ್ ಫೋಟೋದಲ್ಲಿ ತುಟಿ ಮುಚ್ಚಿ ನಗುವುದು. ಮನೆಯಲ್ಲಿ ಯಾರಿಗೂ ಗೊತ್ತಾಗದ ಹಾಗೆ ಇದನ್ನೆಲ್ಲ ನಡೆಸುವುದಕ್ಕೂ ಒಂದು ಕಲೆ ಬೇಕು.

ಕಲೆ ಕೈಕೊಟ್ಟಿದ್ದು ಹೋದ ವರ್ಷ ಮೌಲ್ಯಮಾಪನಕ್ಕೆ ಬೆಂಗಳೂರಿಗೆ ಹೋಗಿದ್ದಾಗ. ಮೂರನೇ ದಿನ ಬೆಳಿಗ್ಗೆ ಎದ್ದರೆ ಬಲಗೆನ್ನೆ ಕಡುಬಿನ ಹಾಗೆ ಊದಿದೆ. ಬಾಯಿ ಎರಡು ಬೆರಳಿಗಿಂತ ಜಾಸ್ತಿ ತೆರೆಯುತ್ತಿಲ್ಲ. ಆಂಟಿಬಯಾಟಿಕ್ ತೆಗೆದುಕೊಂಡು ಊತ ಇಳಿಸಿಕೊಂಡೆ. ಎಕ್ಸ್‌ರೇ ತೆಗೆಸಲು ಮಾತ್ರ ಬಾಯಿ ತೆಗೆಯಬೇಕಾಗಿಲ್ಲ, ತಲೆಯ ಸುತ್ತ ತಿರುಗುವ ಮಷಿನ್ ಇರುತ್ತದೆ, ಆದ್ದರಿಂದ ಅದಕ್ಕೆ ಒಪ್ಪಿದೆ. ಬಲಗಡೆ ಕೆಳಗೆ ಬುದ್ಧಿ ಹಲ್ಲು ಅಡ್ಡಡ್ಡ ಮಲಗಿತ್ತು. ಅದಲ್ಲದೆ ನಾಲ್ಕು ಹುಳುಕು, ಅದರಲ್ಲಿ ಒಂದಕ್ಕೆ ರೂಟ್ ಕೆನಾಲ್ ಆಗಬೇಕು.

ಮೇಲೆ ಹೇಳಿದ ಮೂರು ಓಟಗಳೂ ಇದರ ನಂತರದವು. ಮೂರನೆಯದಕ್ಕೆ ಹೋಗುವಾಗ ಡಾಕ್ಟರು ಭಯಕ್ಕೆ ಅಂತ ಆಲ್‌ಪ್ರಜೋಲಾಮ್ ಮಾತ್ರೆ ಬರೆದುಕೊಟ್ಟಿದ್ದರು. ಮೆಡಿಕಲ್ ಶಾಪಿನವನು ಚೀಟಿ ನೋಡಿ, ಬೇರೆ ರಿಜಿಸ್ಟರ್ ತೆಗೆದು, ನನ್ನ ಹೆಸರು, ಡಾಕ್ಟರ ಹೆಸರು, ಎಷ್ಟು ಮಾತ್ರೆ, ಎಲ್ಲ ಬರೆದುಕೊಂಡ. ಇವು ಸರ್ಕಾರದ ಶೆಡ್ಯೂಲ್ ಎಚ್1 ಅನ್ನುವ ಪಟ್ಟಿಯ ಔಷಧಿಗಳು. 2014ರಿಂದ ಹೀಗೆ ಲೆಕ್ಕ ಇಡಲೇಬೇಕು. ಕೆಲವರಿಗೆ ಈ ಮಾತ್ರೆ ಸಾಕಾಗುತ್ತದಂತೆ. ನನಗೆ ನಿದ್ದೆಯೂ ಬಂತು, ಭಯವೂ ಹಾಗೇ ಉಳಿಯಿತು. ತೂಕಡಿಸುತ್ತಾ ಹೆದರುವುದು ಎಂಥ ಅವಸ್ಥೆ ಅಂತ ಅವತ್ತು ಗೊತ್ತಾಯಿತು. ಪಕ್ಕದ ಮನೆಯವರು "ನಮ್ಮತ್ತೆ ನಿದ್ದೆ ಮಾತ್ರೆ ಇದೆ, ಇನ್ನೊಂದು ಅರ್ಧ ಸೇರಿಸಿ ನೋಡಿ" ಅಂದಿದ್ದರು. ಅದನ್ನು ಮಾತ್ರ ಮಾಡಲಿಲ್ಲ. ಈ ಜಾತಿಯ ಮಾತ್ರೆಗಳು ಒಂದಕ್ಕೊಂದು ಸೇರಿದರೆ ಉಸಿರಾಟವನ್ನೇ ನಿಧಾನ ಮಾಡಬಹುದು. ದಯವಿಟ್ಟು ಯಾರೂ ಮಾಡಬೇಡಿ.

ದಾರಿ ತೋರಿಸಿದವರು ನಮ್ಮ ಕಾಲೇಜಿನ ಫಿಸಿಕ್ಸ್ ಮೇಡಂ. ಅವರ ಮಗನಿಗೆ ಮೈಸೂರಿನಲ್ಲಿ ಗ್ಯಾಸ್ ಕೊಟ್ಟು ಹಲ್ಲು ತುಂಬಿದ್ದರಂತೆ. "ಅವ್ನು ನಿದ್ದೆ ಮಾಡ್ಲಿಲ್ಲ ಕಣ್ರೀ, ಸುಮ್ನೆ ಮಲಗಿದ್ದ, ಹಾಡು ಬೇರೆ ಕೇಳ್ತಿದ್ದ" ಅಂದರು. ನಂಬರ್ ತೆಗೆದುಕೊಂಡು ಫೋನ್ ಮಾಡಿದೆ.

"ಮಗುಗೆ ಎಷ್ಟು ವಯಸ್ಸು ಮೇಡಂ?" ಅಂತ ರಿಸೆಪ್ಷನ್ ಹುಡುಗಿ ಕೇಳಿದಳು.

"ನಲವತ್ತೈದು" ಅಂದೆ.

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ.

ನಮ್ಮ ಕಡೆ ಈ ಗ್ಯಾಸ್ ಮಷಿನ್ ಹೆಚ್ಚಾಗಿ ಇರುವುದು ಮಕ್ಕಳ ಹಲ್ಲಿನ ಡಾಕ್ಟರ ಹತ್ತಿರ. ದೊಡ್ಡವರು ಹೆದರಿದರೆ "ಧೈರ್ಯ ತಂದುಕೊಳ್ಳಿ" ಅನ್ನುತ್ತಾರೆ, ಮಕ್ಕಳಿಗಾದರೆ ಮಷಿನ್ ತರಿಸುತ್ತಾರೆ. ಆ ಕ್ಲಿನಿಕ್ ಗಂಡ ಹೆಂಡತಿ ಇಬ್ಬರದ್ದು. ಹೆಂಡತಿ ಮಕ್ಕಳ ಹಲ್ಲಿನವರು, ಗಂಡ ಬಾಯಿ ಸರ್ಜರಿಯವರು. ದೊಡ್ಡವರನ್ನೂ ನೋಡುತ್ತೇವೆ, ಬನ್ನಿ ಅಂದರು.

ಹೊಳೆನರಸೀಪುರ, ಕೆ.ಆರ್. ನಗರದ ಮೇಲೆ ಬಸ್ಸಿನಲ್ಲಿ ಹೋದೆ. ಮೊದಲ ದಿನ ಬಾಯಿ ಮುಟ್ಟುವುದಿಲ್ಲ ಅಂತ ಫೋನಿನಲ್ಲೇ ಹೇಳಿದ್ದರು, ಆ ಧೈರ್ಯಕ್ಕೆ. ಗೋಡೆ ತುಂಬ ಜಿರಾಫೆ, ಆನೆ. ಕುರ್ಚಿಯ ನೇರಕ್ಕೆ ಮೇಲ್ಛಾವಣಿಯಲ್ಲಿ ಟಿವಿ. ಡಾಕ್ಟರು ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವರು. ಹಲ್ಲಿನ ಕುರ್ಚಿಯಲ್ಲಿ ಕೂರಿಸಲಿಲ್ಲ, ಮೇಜಿನ ಎದುರು ಕೂರಿಸಿ ಒಂದು ಹಾಳೆ ಕೊಟ್ಟರು. ಐದು ಪ್ರಶ್ನೆ. ನಾಳೆ ಹಲ್ಲಿನ ಡಾಕ್ಟರ ಹತ್ತಿರ ಹೋಗಬೇಕು ಅಂದರೆ ಹೇಗನಿಸುತ್ತದೆ? ಹೊರಗೆ ಕಾಯುವಾಗ? ಡ್ರಿಲ್ ಮಾಡುತ್ತಾರೆ ಅಂದರೆ? ಕ್ಲೀನಿಂಗ್ ಅಂದರೆ? ಒಸಡಿಗೆ ಇಂಜೆಕ್ಷನ್ ಅಂದರೆ? ಒಂದೊಂದಕ್ಕೆ ಒಂದರಿಂದ ಐದು ಅಂಕ. ಹತ್ತೊಂಬತ್ತು ಅಥವಾ ಅದಕ್ಕಿಂತ ಹೆಚ್ಚು ಬಂದರೆ ಭಯ ತುಂಬ ಜಾಸ್ತಿ ಅಂತ ಲೆಕ್ಕ. ನನಗೆ ಇಪ್ಪತ್ತೈದಕ್ಕೆ ಇಪ್ಪತ್ತೆರಡು. ಶೇಕಡಾ 88, ಡಿಸ್ಟಿಂಕ್ಷನ್.

ನಗುತ್ತಾರೇನೋ ಅಂತ ಮುಖ ನೋಡಿದೆ. ನಗಲಿಲ್ಲ. "ಯಾವಾಗಿಂದ?" ಅಂದರು. 1989ರ ಕಥೆ ಹೇಳಿದೆ, ಮದುವೆ ಮನೆಯಲ್ಲಿ ಹೇಳುವ ಹಾಗೇ ತಮಾಷೆಯಾಗಿ. ಅವರು ಕೇಳಿದ್ದು ಒಂದೇ: "ಅವತ್ತು ಕೆನ್ನೆ ಊದಿತ್ತಾ? ಕೀವು ಇತ್ತಾ?"

ಇತ್ತು.

"ಹಾಗಾದ್ರೆ ಇಂಜೆಕ್ಷನ್ ಕೆಲಸ ಮಾಡಿರಲ್ಲ ಮೇಡಂ. ನಿಮಗೆ ನಿಜವಾಗ್ಲೂ ನೋವಾಗಿದೆ."

ಆಮೇಲೆ ಅವರು ಯಾಕೆ ಅಂತ ವಿವರಿಸಲು ಶುರು ಮಾಡಿದರು. ಅರ್ಧದಲ್ಲೇ ನನಗೆ ಹೊಳೆಯಿತು, ಇದು ನನ್ನದೇ ಪಾಠ. ಮರಗಟ್ಟಿಸಲು ಚುಚ್ಚುವ ಔಷಧಿ ಲಿಗ್ನೋಕೇನ್ ಒಂದು ದುರ್ಬಲ ಪ್ರತ್ಯಾಮ್ಲ. ದೇಹದಲ್ಲಿ ಅದು ಎರಡು ರೂಪದಲ್ಲಿ ಇರುತ್ತದೆ, ವಿದ್ಯುತ್ ಆವೇಶ (ಚಾರ್ಜ್) ಇರುವ ರೂಪ, ಆವೇಶ ಇಲ್ಲದ ರೂಪ. ನರದ ಸುತ್ತ ಇರುವ ಕೊಬ್ಬಿನ ಪೊರೆ ದಾಟಿ ಒಳಗೆ ಹೋಗುವುದು ಆವೇಶ ಇಲ್ಲದ್ದು ಮಾತ್ರ. ಕೀವು ತುಂಬಿದ ಜಾಗ ಆಮ್ಲೀಯ. ಅಲ್ಲಿ ಔಷಧಿ ಸಿಕ್ಕ ಸಿಕ್ಕ ಪ್ರೋಟಾನನ್ನೆಲ್ಲ ಹಿಡಿದುಕೊಂಡು ಆವೇಶ ಪಡೆದು ಬಾಗಿಲ ಹೊರಗೇ ನಿಲ್ಲುತ್ತದೆ. ನರ ಎಚ್ಚರವಾಗಿಯೇ ಇರುತ್ತದೆ. ಪ್ರಥಮ ಪಿಯುಸಿಯ ಸಮತೋಲನದ ಪಾಠ ಇದು. ಇಪ್ಪತ್ತು ವರ್ಷ ಬೋರ್ಡಿನ ಮೇಲೆ ಬರೆದಿದ್ದೇನೆ. ನನ್ನ ದವಡೆಗೂ ಇದಕ್ಕೂ ಸಂಬಂಧ ಇದೆ ಅಂತ ಒಂದು ದಿನವೂ ಅನಿಸಿರಲಿಲ್ಲ.

ಅಳು ಬಂತು. ಮುಜುಗರವೇನೂ ಆಗಲಿಲ್ಲ, ಮಕ್ಕಳ ಕ್ಲಿನಿಕ್ ತಾನೇ, ಟಿಶ್ಯೂ ಡಬ್ಬ ಕೈಗೆಟಕುವ ಹಾಗೇ ಇತ್ತು. ಸಂಜೆ ಬಸ್ ಸ್ಟ್ಯಾಂಡಿನಿಂದಲೇ ಅಪ್ಪನಿಗೆ ಫೋನ್ ಮಾಡಿದೆ. ಆಮ್ಲ, ಪ್ರತ್ಯಾಮ್ಲ ಎಲ್ಲ ಬಿಟ್ಟು, "ಅವತ್ತು ಇಂಜೆಕ್ಷನ್ ಹಿಡಿದಿರಲಿಲ್ಲವಂತಪ್ಪ, ನಾಟಕ ಅಲ್ಲವಂತೆ" ಅಂದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ "ಊಟ ಆಯ್ತಾ?" ಅಂದರು.

ಗ್ಯಾಸ್ ಅಂದರೆ ನೈಟ್ರಸ್ ಆಕ್ಸೈಡ್, ನಗೆ ಅನಿಲ. ಇದರ ಕಥೆಯನ್ನು ನಾನು ಕ್ಲಾಸಿನಲ್ಲಿ ಪ್ರತಿ ವರ್ಷ ಹೇಳುತ್ತಿದ್ದೆ. ಈಗ ಆ ಪಾಠವನ್ನೇ ಪುಸ್ತಕದಿಂದ ತೆಗೆದಿದ್ದಾರೆ, ಅದು ಬೇರೆ ದುಃಖ. 1772ರಲ್ಲಿ ಜೋಸೆಫ್ ಪ್ರೀಸ್ಟ್ಲಿ ಇದನ್ನು ತಯಾರಿಸಿದ. 1800ರಲ್ಲಿ ಹಂಫ್ರಿ ಡೇವಿ, ಇದು ನೋವನ್ನು ಮರೆಸುತ್ತದೆ, ಸರ್ಜರಿಗೆ ಬಳಸಬಹುದು ಅಂತ ಬರೆದೇ ಇಟ್ಟ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ನಲವತ್ತನಾಲ್ಕು ವರ್ಷ ಅದು ಜಾತ್ರೆಯ ತಮಾಷೆಯಾಗಿತ್ತು, ದುಡ್ಡು ಕೊಟ್ಟು ಮೂಸಿ ನಗುವುದು. 1844ರ ಡಿಸೆಂಬರಿನಲ್ಲಿ ಅಮೆರಿಕದ ಹಾರ್ಟ್‌ಫರ್ಡಿನಲ್ಲಿ ಅಂಥದ್ದೊಂದು ಪ್ರದರ್ಶನ. ಗ್ಯಾಸ್ ಸೇದಿ ಕುಣಿಯುತ್ತಿದ್ದವನೊಬ್ಬ ಕಾಲಿಗೆ ಗಾಯ ಮಾಡಿಕೊಂಡ, ಅವನಿಗೆ ಗೊತ್ತೇ ಆಗಲಿಲ್ಲ. ನೋಡಲು ಬಂದಿದ್ದ ಹೊರೇಸ್ ವೆಲ್ಸ್ ಎಂಬ ಹಲ್ಲಿನ ವೈದ್ಯ ಅದನ್ನು ಗಮನಿಸಿದ. ಮಾರನೇ ದಿನವೇ ಗ್ಯಾಸ್ ಸೇದಿ ತನ್ನದೇ ಹಲ್ಲು ಕೀಳಿಸಿಕೊಂಡ. ಮುಂದಿನ ತಿಂಗಳು ಬಾಸ್ಟನ್ನಿನಲ್ಲಿ ವೈದ್ಯಕೀಯ ವಿದ್ಯಾರ್ಥಿಗಳ ಮುಂದೆ ತೋರಿಸಲು ಹೋದಾಗ ರೋಗಿ ನರಳಿದ. ಎಲ್ಲ ಬೂಟಾಟಿಕೆ ಅಂತ ಕೂಗಿ ಕಳಿಸಿದರು. ಕ್ಲಾಸಿನಲ್ಲಿ ಇಷ್ಟು ಹೇಳಿ ಮುಂದಿನ ಸಮೀಕರಣಕ್ಕೆ ಹೋಗುತ್ತಿದ್ದೆ. ಆ ಬಸ್ಸಿನಲ್ಲಿ ಹಾಸನಕ್ಕೆ ವಾಪಸ್ ಬರುವಾಗ ಮೊದಲ ಸಲ ಆ ನರಳಿದವನ ಬಗ್ಗೆ ಯೋಚಿಸಿದೆ.

ಗ್ಯಾಸ್ ಕೊಡುವ ಮುಂಚೆ ತುಂಬ ಪ್ರಶ್ನೆ ಕೇಳಿದರು. ಬಸುರಿಯಾ? ಶ್ವಾಸಕೋಶದ ತೊಂದರೆ? ಕಿವಿ ಸೋರುತ್ತಾ? ಈಚೆಗೆ ಕಣ್ಣಿನ ರೆಟಿನಾ ಆಪರೇಷನ್ ಆಗಿದೆಯಾ? ಆ ಆಪರೇಷನ್ನಿನಲ್ಲಿ ಕಣ್ಣೊಳಗೆ ಗಾಳಿಗುಳ್ಳೆ ಬಿಟ್ಟಿದ್ದರೆ ಈ ಗ್ಯಾಸ್ ಅದರೊಳಕ್ಕೆ ನುಗ್ಗಿ ಉಬ್ಬಿಸುತ್ತದೆ, ದೃಷ್ಟಿಗೇ ಅಪಾಯ. ಆಮೇಲೆ "ನೀವು ಸಸ್ಯಾಹಾರಿಗಳಾ? ಬಿ12 ನೋಡಿಸಿದೀರಾ?" ಅಂದರು. ನನಗೆ ಎರಡು ವರ್ಷದ ಹಿಂದೆ ಬಿ12 ಕಮ್ಮಿಯಾಗಿ ಪಾದ ಜುಮ್ಮೆನ್ನುತ್ತಿತ್ತು, ಇಂಜೆಕ್ಷನ್ ತೆಗೆದುಕೊಂಡಿದ್ದೆ. ಬಿ12 ಅಣುವಿನ ನಡುವೆ ಒಂದು ಕೋಬಾಲ್ಟ್ ಇದೆ. ನೈಟ್ರಸ್ ಆಕ್ಸೈಡ್ ಆ ಕೋಬಾಲ್ಟನ್ನು ಉತ್ಕರ್ಷಿಸಿ ಕೆಲಸಕ್ಕೆ ಬಾರದ ಹಾಗೆ ಮಾಡುತ್ತದೆ. ಆರೋಗ್ಯವಾಗಿರುವವರಿಗೆ ಅರ್ಧ ಗಂಟೆಯಿಂದ ಏನೂ ಆಗುವುದಿಲ್ಲ, ಮೊದಲೇ ಕಮ್ಮಿ ಇರುವವರಿಗೆ ತೊಂದರೆ ಆಗಬಹುದು. ರಕ್ತ ಪರೀಕ್ಷೆ ಮಾಡಿಸಿಕೊಂಡೇ ಬನ್ನಿ ಅಂದರು. ಮಾಡಿಸಿದೆ, ಸರಿ ಇತ್ತು.

ಇಷ್ಟೆಲ್ಲ ತಯಾರಿ ಮಾಡಿಕೊಂಡು ಹೊರಡುವ ದಿನ ನನಗೆ ಭಯಂಕರ ನೆಗಡಿ. ಗ್ಯಾಸ್ ಹೋಗುವುದು ಮೂಗಿನಿಂದ, ಮೂಗು ಕಟ್ಟಿದ್ದರೆ ಉಪಯೋಗವಿಲ್ಲ. ಹತ್ತು ದಿನ ಮುಂದಕ್ಕೆ ಹೋಯಿತು. ನೆಗಡಿಯನ್ನು ಅಷ್ಟು ಪ್ರೀತಿಯಿಂದ ನಾನು ಯಾವತ್ತೂ ಅನುಭವಿಸಿರಲಿಲ್ಲ.

ಕೊನೆಗೂ ಹೋದೆ. ಎರಡು ಗಂಟೆ ಮುಂಚೆ ಎರಡೇ ಇಡ್ಲಿ. ಜೊತೆಗೆ ನಮ್ಮ ಯಜಮಾನರು. ಕುರ್ಚಿಯ ಪಕ್ಕ ನೀಲಿ ಸಿಲಿಂಡರ್ ಒಂದು, ಕಪ್ಪು ಮೈಗೆ ಬಿಳಿ ಹೆಗಲಿನದ್ದೊಂದು. ನೀಲಿಯದ್ದು ನೈಟ್ರಸ್, ಇನ್ನೊಂದು ಆಕ್ಸಿಜನ್. ಆಕ್ಸಿಜನ್ ಶೇಕಡಾ 30ಕ್ಕಿಂತ ಕೆಳಗೆ ಹೋಗದ ಹಾಗೆ ಮಷಿನ್ನಿನಲ್ಲೇ ಕಟ್ಟು ಇದೆ ಅಂತ ತೋರಿಸಿದರು. ನಾನು ಮೇಡಂ ಆಗಿಬಿಟ್ಟು ವಾಲ್ವ್ ಬಗ್ಗೆ ಮೂರು ಪ್ರಶ್ನೆ ಕೇಳಿದೆ. ಸಮಯ ದೂಡುವುದಕ್ಕೆ ಅಂತ ಅವರಿಗೂ ಗೊತ್ತಿತ್ತು, ಮೂರಕ್ಕೂ ಉತ್ತರ ಕೊಟ್ಟರು.

ಆಮೇಲೆ ಹೇಳಿದ್ದು ಮುಖ್ಯವಾದದ್ದು. "ನಿಮ್ಮ ಎಡಗೈ ನಿಮ್ಮ ಹತ್ರನೇ ಇರುತ್ತೆ. ಎತ್ತಿದ್ರೆ ನಾನು ನಿಲ್ಲಿಸ್ತೀನಿ. ಯಾಕೆ ಅಂತ ಆಮೇಲೆ ಕೇಳ್ತೀನಿ. ಮೊದಲು ನಿಲ್ಲಿಸ್ತೀನಿ." ಪರೀಕ್ಷೆ ಮಾಡಿ ಅಂದರು. ಕನ್ನಡಿ ಬಾಯಿಗೆ ಇಟ್ಟರು, ಕೈ ಎತ್ತಿದೆ, ತೆಗೆದರು. ಇನ್ನೊಂದು ಸಲ. ತೆಗೆದರು. ನಾಲ್ಕು ಸಲ ಮಾಡಿಸಿದರು.

ಮೂಗಿಗೆ ಪುಟ್ಟ ರಬ್ಬರ್ ಟೊಪ್ಪಿ. ಮಕ್ಕಳಿಗೆ ಅಂತ ಸ್ಟ್ರಾಬೆರಿ ವಾಸನೆ ಹಾಕಿದ್ದರು. ಮೊದಲು ಬರೀ ಆಕ್ಸಿಜನ್. ಆಮೇಲೆ ಗ್ಯಾಸ್ ಶೇಕಡಾ 10, 20, 30, ಒಂದೊಂದು ನಿಮಿಷ ಬಿಟ್ಟು. ಏನೂ ಆಗುತ್ತಿಲ್ಲ ಅಂತ ಹೇಳಬೇಕು ಅನ್ನುವಷ್ಟರಲ್ಲಿ ಕಾಲ್ಬೆರಳು ಜುಮ್ಮೆಂದವು. ಪಾದ ಭಾರವಾಯಿತು, ಮರಳಿನಲ್ಲಿ ಹೂತ ಹಾಗೆ, ಬೆಚ್ಚಗೆ. ನಗು ಬರಲಿಲ್ಲ. ಹೆಗಲು ಕೆಳಗಿಳಿಯಿತು, ಅಷ್ಟೇ. ಅಲ್ಲಿಯವರೆಗೂ ಅದು ಕಿವಿಯ ಹತ್ತಿರ ಇತ್ತು ಅಂತ ಆಗ ಗೊತ್ತಾಯಿತು. ಶೇಕಡಾ 50ಕ್ಕೆ ಏರಿಸಿದಾಗ ಚೆನ್ನಾಗಿರಲಿಲ್ಲ. ಕುರ್ಚಿ ಹಿಂದಕ್ಕೆ ಬಿದ್ದ ಹಾಗೆ, ಹೊಟ್ಟೆ ತೊಳಸಿದ ಹಾಗೆ. ಕೈ ಎತ್ತಿದೆ. 40ಕ್ಕೆ ಇಳಿಸಿದರು. ಅರ್ಧ ನಿಮಿಷದಲ್ಲಿ ಸರಿಹೋಯಿತು. ಈ ಗ್ಯಾಸಿನ ದೊಡ್ಡ ಗುಣವೇ ಇದು, ರಕ್ತದಲ್ಲಿ ಹೆಚ್ಚು ಕರಗುವುದಿಲ್ಲ, ಬಂದಷ್ಟೇ ಬೇಗ ಹೋಗುತ್ತದೆ. ಒಲೆಯ ಉರಿಯ ಹಾಗೆ ಏರಿಸಬಹುದು, ಇಳಿಸಬಹುದು.

ಗ್ಯಾಸ್ ಇದೆ ಅಂತ ಇಂಜೆಕ್ಷನ್ ತಪ್ಪುವುದಿಲ್ಲ. ನೋವಿಗೆ ಅದೇ ಬೇಕು. ಒಸಡಿಗೆ ಮೊದಲು ಜೆಲ್ ಹಚ್ಚಿ, ಆಮೇಲೆ ತುಂಬ ನಿಧಾನವಾಗಿ ಚುಚ್ಚಿದರು. "ಇದರಲ್ಲಿ ಸ್ವಲ್ಪ ಅಡ್ರಿನಲಿನ್ ಇದೆ, ಎರಡು ನಿಮಿಷ ಎದೆ ಡವಡವ ಅನ್ನಬಹುದು, ಅದು ಔಷಧಿ, ನಿಮ್ಮ ಭಯ ಅಲ್ಲ" ಅಂದರು. ನಿಜವಾಗಿಯೂ ಅಂದಿತು. ಮೊದಲೇ ಹೇಳದಿದ್ದರೆ ನಾನು ಅದನ್ನು ಭಯ ಅಂತಲೇ ಓದಿಕೊಂಡು ಎದ್ದು ಓಡುತ್ತಿದ್ದೆ. ತುಟಿ ದಪ್ಪವಾಯಿತು. ಚೂಪಾದ ಕಡ್ಡಿಯಿಂದ ಒಸಡು ಮುಟ್ಟಿ, "ಗೊತ್ತಾಗ್ತಿದೆಯಾ?" ಅಂದರು. ಸ್ವಲ್ಪ ಗೊತ್ತಾಯಿತು. ಹೇಳಬೇಕೋ ಬೇಡವೋ ಅಂತ ಯೋಚಿಸಿದೆ. ಹೇಳಿದೆ. "ಸರಿ" ಅಂತ ಇನ್ನೊಂದು ಇಂಜೆಕ್ಷನ್ ಕೊಟ್ಟು ಐದು ನಿಮಿಷ ಕಾದರು.

ಡ್ರಿಲ್ಲಿನ ಸದ್ದು ಹೋಗಲಿಲ್ಲ. ಆದರೆ ಅದು ಪಕ್ಕದ ಬೀದಿಯಲ್ಲಿ ಯಾರೋ ಗ್ರಾನೈಟ್ ಕೊಯ್ಯುತ್ತಿರುವ ಹಾಗೆ ಕೇಳುತ್ತಿತ್ತು. ಯಾರ ಮನೆಗೋ, ಕೊಯ್ಯಲಿ ಬಿಡು ಅನ್ನಿಸುತ್ತಿತ್ತು. ಮೇಲೆ ಟಿವಿಯಲ್ಲಿ ಒಂದು ಹಂದಿಮರಿ ಕೆಸರಿನಲ್ಲಿ ಕುಣಿಯುತ್ತಿತ್ತು. ಅದರ ಬಗ್ಗೆ ನನಗೆ ತುಂಬ ಗೌರವ ಮೂಡಿತು. ಇದನ್ನು ಡಾಕ್ಟರಿಗೆ ಹೇಳಲು ಹೋದೆ, "ಬಾಯಲ್ಲಿ ಉಸಿರು ಬಿಡಬೇಡಿ, ಮೂಗು, ಮೂಗು" ಅಂದರು. ಮಾತಾಡಿದರೆ ಗ್ಯಾಸಿನ ಪರಿಣಾಮ ಕಮ್ಮಿಯಾಗುತ್ತದೆ. ಇಪ್ಪತ್ತು ವರ್ಷ ಮಾತಾಡಿಯೇ ಸಂಬಳ ತೆಗೆದುಕೊಂಡವಳಿಗೆ ಇದೇ ಕಷ್ಟವಾದ ಭಾಗ.

ಎರಡು ಹಲ್ಲು ತುಂಬಿದರು. ಕೊನೆಗೆ ಐದು ನಿಮಿಷ ಬರೀ ಆಕ್ಸಿಜನ್. ಗ್ಯಾಸ್ ಒಮ್ಮೆಲೇ ರಕ್ತದಿಂದ ಶ್ವಾಸಕೋಶಕ್ಕೆ ವಾಪಸ್ ನುಗ್ಗುವಾಗ ಆಕ್ಸಿಜನ್ನಿಗೆ ಜಾಗ ಸಾಲದ ಹಾಗಾಗಬಹುದು, ಅದಕ್ಕೆ. ಎದ್ದು ಕೂತೆ. ಹತ್ತು ನಿಮಿಷಕ್ಕೆಲ್ಲ ಮಾಮೂಲಾಗಿದ್ದೆ. ಒಂದು ಸಲಕ್ಕೆ ಗ್ಯಾಸಿಗೆ ಅಂತ ಎರಡು ಸಾವಿರ ಜಾಸ್ತಿ ಕೊಟ್ಟೆ. ಹೀಗೇ ಇನ್ನೂ ಮೂರು ಸಲ ಹೋದೆ. ರೂಟ್ ಕೆನಾಲೂ ಆಯಿತು. ನಾಲ್ಕನೇ ಸಲ ಶೇಕಡಾ 25ರಲ್ಲೇ ನಡೆಯಿತು.

ಉಳಿದದ್ದು ಬುದ್ಧಿ ಹಲ್ಲು. ಒಸಡು ಸೀಳಿ, ಮೂಳೆ ಸ್ವಲ್ಪ ಕೊರೆದು, ಹಲ್ಲನ್ನು ತುಂಡು ಮಾಡಿ ತೆಗೆಯಬೇಕು. ಸರ್ಜನ್ ಡಾಕ್ಟರು "ನಿಮಗೆ ಇದಕ್ಕೆ ಗ್ಯಾಸ್ ಸಾಕಾಗಲ್ಲ ಅನ್ಸುತ್ತೆ, ರಕ್ತನಾಳದ ಮೂಲಕ ಕೊಡೋಣ" ಅಂದರು. ಪೂರ್ತಿ ಪ್ರಜ್ಞೆ ತಪ್ಪಿಸುವುದಲ್ಲ, ಮಂಪರು. ಅದಕ್ಕೆ ಬೇರೆ ಅರಿವಳಿಕೆ ಡಾಕ್ಟರು ಬರುತ್ತಾರೆ, ಅವರ ಫೀಸೇ ಏಳು ಸಾವಿರ. ಈ ಸಲ ನಿಯಮ ಬಿಗಿ. ಆರು ಗಂಟೆ ಊಟವಿಲ್ಲ, ಎರಡು ಗಂಟೆ ಮುಂಚಿನಿಂದ ನೀರೂ ಇಲ್ಲ. ಥೈರಾಯ್ಡ್ ಮಾತ್ರೆ ಬೆಳಗಿನ ಜಾವ ಒಂದು ಗುಟುಕಿನಲ್ಲಿ. ಉಗುರಿನ ಬಣ್ಣ ತೆಗೆಯಬೇಕು, ಬೆರಳಿಗೆ ಹಾಕುವ ಆಕ್ಸಿಜನ್ ಕ್ಲಿಪ್ ಸರಿಯಾಗಿ ಓದುವುದಕ್ಕೆ. ಕೋವಿಡ್ಡಿನಲ್ಲಿ ಎಲ್ಲರ ಮನೆಗೂ ಬಂದಿತ್ತಲ್ಲ, ಅದೇ ಕ್ಲಿಪ್. ಗೊರಕೆ ಹೊಡೀತಾರಾ ಅಂತ ಯಜಮಾನರನ್ನು ಕೇಳಿದರು. ಅವರು ನನ್ನ ಮುಖ ನೋಡಿ "ಸ್ವಲ್ಪ" ಅಂದರು. ಅದೂ ಬೇಕಾದ ಮಾಹಿತಿ, ನಿದ್ದೆಯಲ್ಲಿ ಉಸಿರು ಕಟ್ಟುವವರಿಗೆ ಈ ಔಷಧಿ ಹುಷಾರಾಗಿ ಕೊಡಬೇಕು. ಆ ದಿನ ಗಾಡಿ ಓಡಿಸುವ ಹಾಗಿಲ್ಲ, ಕಾಗದ ಪತ್ರಕ್ಕೆ ಸಹಿ ಹಾಕುವ ಹಾಗಿಲ್ಲ, ಒಬ್ಬಳೇ ಇರುವ ಹಾಗಿಲ್ಲ.

ಕೈ ಹಿಂಬದಿಗೆ ಸೂಜಿ. ಅರಿವಳಿಕೆ ಡಾಕ್ಟರು ವಯಸ್ಸಾದವರು, ಮಾತು ಕಮ್ಮಿ. "ಮಿಡಾಜೋಲಾಮ್ ಕೊಡ್ತೀನಮ್ಮ. ಒಂದೊಂದೇ ಮಿಲಿಗ್ರಾಂ. ನಾನು ಮಾತಾಡಿಸ್ತೀನಿ, ನೀವು ಉತ್ತರ ಕೊಡ್ತೀರಿ. ಆದ್ರೆ ನಾಳೆ ನೆನಪಿರಲ್ಲ." ಜಾಸ್ತಿಯಾದರೆ ಇಳಿಸುವ ಔಷಧಿಯೂ ಟ್ರೇಯಲ್ಲಿತ್ತು, ಫ್ಲುಮಾಜೆನಿಲ್ ಅಂತ, ಕೇಳಿದ್ದಕ್ಕೆ ತೋರಿಸಿದರು. ಒಂದು ಕೊಟ್ಟರು. ಟ್ಯೂಬ್‌ಲೈಟ್ ನೋಡುತ್ತಿದ್ದೆ. "ಏನು ಪಾಠ ಮಾಡ್ತೀರಮ್ಮ?" ಅಂದರು. "ಕೆಮಿಸ್ಟ್ರಿ" ಅಂದೆ.

ಅಲ್ಲಿಂದ ಮುಂದೆ ನಾನು ಮೈಸೂರಿನ ನಾದಿನಿ ಮನೆಯಲ್ಲಿ ಮೊಸರನ್ನ ತಿನ್ನುತ್ತಿದ್ದೇನೆ.

ನಡುವೆ ಏನೂ ಇಲ್ಲ. ನಿದ್ದೆಯಾದರೆ ನಿದ್ದೆ ಮಾಡಿದೆ ಅನ್ನುವುದಾದರೂ ಗೊತ್ತಿರುತ್ತದೆ. ಇದು ಹಾಗಲ್ಲ. ಒದ್ದೆ ಬೋರ್ಡಿನ ಮೇಲೆ ಚಾಕ್‌ಪೀಸಿನಿಂದ ಬರೆದರೆ ಅಕ್ಷರ ಕಾಣುವುದಿಲ್ಲ, ಒಣಗಿದ ಮೇಲೆ ಮೂಡುತ್ತದೆ. ಇದು ಒಣಗಿದರೂ ಮೂಡಲಿಲ್ಲ. ನಾನೇ ನಡೆದು ಕಾರು ಹತ್ತಿದೆನಂತೆ. ದಾರಿಯಲ್ಲಿ ಯಜಮಾನರಿಗೆ ಆವರ್ತ ಕೋಷ್ಟಕದ ಮೊದಲ ಇಪ್ಪತ್ತು ಧಾತು ಹೇಳಿಸಿ, ಆರ್ಗಾನಿನಲ್ಲಿ ತಪ್ಪಿದ್ದಕ್ಕೆ ಬೈದೆನಂತೆ. ನಾದಿನಿ ನಕ್ಕೂ ನಕ್ಕೂ ಹೇಳಿದಳು.

ಬೇರೆಯವರು ಈ ಮರೆವನ್ನೇ ಹೊಗಳುತ್ತಾರೆ, "ಏನೂ ಗೊತ್ತಾಗ್ಲಿಲ್ಲ, ಆರಾಮು" ಅಂತ. ನನಗೆ ಅಷ್ಟು ಹಿಡಿಸಲಿಲ್ಲ. ಎರಡು ಮೂರು ದಿನ ಮಂಜುಗಡ್ಡೆ ಒತ್ತಿಕೊಂಡು, ಗಂಜಿ ಕುಡಿದುಕೊಂಡು ಅದನ್ನೇ ಯೋಚಿಸುತ್ತಿದ್ದೆ. ಮುಕ್ಕಾಲು ಗಂಟೆ ನನ್ನ ಬಾಯಿ ಬೇರೆಯವರ ಕೈಯಲ್ಲಿತ್ತು, ನಾನು ಅಲ್ಲಿದ್ದೆ, ನನಗೇ ಗೊತ್ತಿಲ್ಲ. ನೋವಾಯಿತಾ? ಕೂಗಿದೆನಾ? ಯಾರಾದರೂ ಕೈ ಹಿಡಿದರಾ? ಮಣಿಕಟ್ಟಿನ ಮೇಲೆ ಗುರುತು ಇದೆಯೇನೋ ಅಂತ ಬೆಳಕಿಗೆ ಹಿಡಿದು ನೋಡಿದೆ. ಸೂಜಿ ಚುಚ್ಚಿದ ಕಡೆ ಒಂದು ನೀಲಿ ಕಲೆ, ಅಷ್ಟೇ.

ಏಳನೇ ದಿನ ಹೊಲಿಗೆ ಬಿಚ್ಚಲು ಹೋದೆ. ಇದಕ್ಕೆ ಗ್ಯಾಸೂ ಇಲ್ಲ, ಏನೂ ಇಲ್ಲ, ಪುಟ್ಟ ಕತ್ತರಿ. ಬಾಯಿ ತೆಗೆಯುವ ಮುಂಚೆ ಸರ್ಜನ್ ಡಾಕ್ಟರನ್ನು ಕೇಳಿಯೇಬಿಟ್ಟೆ. "ಅವತ್ತು ನಾನೇನಾದ್ರೂ ಗಲಾಟೆ ಮಾಡಿದ್ನಾ ಡಾಕ್ಟ್ರೇ?"

"ಇಲ್ಲ ಮೇಡಂ. ಮೂರು ಸಲ ಎಡಗೈ ಎತ್ತಿದ್ರಿ."

"ಆಮೇಲೆ?"

"ಆಮೇಲೇನು, ನಿಲ್ಲಿಸಿದ್ವಿ. ಮೊದಲನೇ ಸಲ ನೋವಿತ್ತು ಅಂದ್ರಿ, ಇನ್ನೊಂದು ಇಂಜೆಕ್ಷನ್ ಕೊಟ್ವಿ. ಎರಡನೇ ಸಲ ಉಗುಳ್ಬೇಕು ಅಂದ್ರಿ."

"ಮೂರನೇ ಸಲ?"

"ಮೂಗು ತುರಿಸ್ಕೊಂಡ್ರಿ" ಅಂತ ಹೇಳಿ ಕತ್ತರಿ ಕೈಗೆತ್ತಿಕೊಂಡರು.